ಸಾಲ್ಟ್‌ಬರ್ನ್ ಪಿಯರ್ ಮತ್ತು ದಿಬ್ಬದ ರೈಲು

ಸಾಲ್ಟ್‌ಬರ್ನ್ ಪಿಯರ್ ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಸಾಲ್ಟ್‌ಬರ್ನ್-ಬೈ-ದ-ಸೀ ಪಟ್ಟಣದಲ್ಲಿದೆ. ದಡದಿಂದ ಸಮುದ್ರದೊಳಕ್ಕೆ ಕಬ್ಬಿಣದ ಕಂಬಗಳ ಮೇಲೆ ಚಾಚಿರುವ ವಿಹಾರದ ಅಟ್ಟಣೆಯನ್ನು ಪಿಯರ್ ಎನ್ನುತ್ತಾರೆ. ಯಾರ್ಕ್‌ಷೈರ್ ಕರಾವಳಿಯಲ್ಲಿ ಇಂದು ಉಳಿದಿರುವುದು ಇದೊಂದೇ. ಇದರ ಎದುರಿನಲ್ಲಿಯೇ, ನೀರಿನ ಭಾರದಿಂದ ಚಲಿಸುವ ದಿಬ್ಬದ ರೈಲಿನ ಕೆಳ ನಿಲ್ದಾಣವಿದೆ.

ಇತಿಹಾಸ

1861ರಲ್ಲಿ ರೈಲುಮಾರ್ಗವು ಇಲ್ಲಿಗೆ ತಲುಪಿದ ಬಳಿಕ ಉದ್ಯಮಿ ಹೆನ್ರಿ ಪೀಸ್ ಅವರ ಯೋಜನೆಯಂತೆ ಪಟ್ಟಣವು ಬೆಳೆಯಿತು. ಜಾನ್ ಆಂಡರ್ಸನ್ ರೂಪಿಸಿದ ಪಿಯರ್ 1869ರಲ್ಲಿ ತೆರೆಯಿತು. ಆಗ ಅದರ ಉದ್ದ 1,500 ಅಡಿ. ಆದರೆ ಪಟ್ಟಣವಿದ್ದುದು ಕಡಲತೀರದಿಂದ ಸುಮಾರು 120 ಅಡಿ ಎತ್ತರದ ದಿಬ್ಬದ ಮೇಲೆ. ಇಳಿಯುವುದು ಹೇಗೋ ಆಗುತ್ತಿತ್ತು, ಮರಳಿ ಹತ್ತುವುದೇ ಪ್ರವಾಸಿಗರಿಗೆ ಪ್ರಯಾಸ. ಇದನ್ನು ನೀಗಿಸಲು 1870ರಲ್ಲಿ ಇಪ್ಪತ್ತು ಜನರನ್ನು ಹೊರುವ ಮರದ ಲಿಫ್ಟನ್ನು ನಿರ್ಮಿಸಲಾಯಿತು. 1883ರಲ್ಲಿ ಅದರ ಆಧಾರದ ಮರಗಳು ಕೊಳೆತಿರುವುದು ಕಂಡುಬಂದು ಅದನ್ನು ಮುಚ್ಚಲಾಯಿತು. ಮರುವರ್ಷ ಜೂನ್‌ನಲ್ಲಿ ಇಂದಿನ ಇಳಿಜಾರು ರೈಲು ಬಳಕೆಗೆ ಬಂದಿತು. ಇದನ್ನು ರೂಪಿಸಿದವರು ಜಾರ್ಜ್ ಕ್ರಾಯ್ಡನ್ ಮಾರ್ಕ್ಸ್.

ರೈಲಿನ ಕಾರ್ಯವಿಧಾನ

ಸುಮಾರು 207 ಅಡಿ ಉದ್ದದ ಜೋಡಿ ಹಳಿಗಳ ಮೇಲೆ ಎರಡು ಬಂಡಿಗಳಿದ್ದು, ಮೇಲಿನ ರಾಟೆಯನ್ನು ಬಳಸಿ ಬರುವ ಉಕ್ಕಿನ ಹಗ್ಗವು ಅವನ್ನು ಜೋಡಿಸುತ್ತದೆ. ಪ್ರತಿ ಬಂಡಿಯ ಅಡಿಯಲ್ಲೂ ನೀರಿನ ತೊಟ್ಟಿಯಿದೆ. ಮೇಲಿರುವ ಬಂಡಿಗೆ ನೀರು ತುಂಬಿದಾಗ ಅದು ಭಾರವಾಗಿ ಕೆಳಗಿಳಿಯುತ್ತದೆ, ಇಳಿಯುತ್ತಲೇ ಇನ್ನೊಂದನ್ನು ಮೇಲೆಳೆಯುತ್ತದೆ. ಬಾವಿಯ ರಾಟೆಯಲ್ಲಿ ಎರಡು ಕೊಡಗಳನ್ನು ಕಟ್ಟಿದಂತೆ. ಕೆಳಗೆ ಬಿಟ್ಟ ನೀರನ್ನು ಪಂಪಿನಿಂದ ಮತ್ತೆ ಮೇಲಕ್ಕೆ ಏರಿಸಲಾಗುತ್ತದೆ. ಬಂಡಿಯನ್ನು ಎಳೆಯಲು ಎಂಜಿನ್ ಬೇಕಿಲ್ಲ, ವೇಗವನ್ನು ನಿಯಂತ್ರಿಸಲು ಬ್ರೇಕ್ ಇದೆ. ಬ್ರಿಟನ್ನಿನಲ್ಲಿ ಇಂದಿಗೂ ಬಳಕೆಯಲ್ಲಿರುವ ಈ ಬಗೆಯ ರೈಲುಗಳಲ್ಲಿ ಇದೇ ಅತ್ಯಂತ ಹಳೆಯದು.

ಹಾನಿ ಮತ್ತು ಉಳಿವು

ಪಿಯರ್‌ಗೆ ಅಷ್ಟು ನೆಮ್ಮದಿ ಇರಲಿಲ್ಲ. 1875ರ ಬಿರುಗಾಳಿಯಲ್ಲಿ ಅದರ ತುದಿಯೂ ಹಡಗುಕಟ್ಟೆಯೂ ಕೊಚ್ಚಿಹೋದವು. 1924ರಲ್ಲಿ ಜೇಡಿಮಣ್ಣು ಹೊತ್ತ ಹಡಗೊಂದು ನಡುಭಾಗಕ್ಕೆ ಬಡಿದು ಸುಮಾರು 210 ಅಡಿಗಳ ಕಂಡಿಯಾಯಿತು. 1940ರಲ್ಲಿ ಶತ್ರುಗಳು ಇದರ ಮೂಲಕ ದಡ ಸೇರಬಾರದೆಂದು ಒಂದು ಭಾಗವನ್ನು ಬ್ರಿಟಿಷರೇ ಕಿತ್ತರು. ಯುದ್ಧಾನಂತರ ದುರಸ್ತಿಯಾಗಿ 1952ರಲ್ಲಿ ತೆರೆದರೂ, ಮರುವರ್ಷದ ಬಿರುಗಾಳಿಯಿಂದ ಮತ್ತೆ ಹಾನಿಗೊಳಗಾಯಿತು.

1974ರ ಅಕ್ಟೋಬರ್ ಬಿರುಗಾಳಿಯಲ್ಲಿ ಪಿಯರ್‌ನ ತುದಿ ಮತ್ತೊಮ್ಮೆ ನಾಶವಾದಾಗ, ಸ್ಥಳೀಯ ಆಡಳಿತವು ಇಡೀ ರಚನೆಯನ್ನೇ ಕೆಡವಲು ಅನುಮತಿ ಕೋರಿತು. ನಿವಾಸಿಗಳು ವಿರೋಧಿಸಿದರು. ಸಾರ್ವಜನಿಕ ವಿಚಾರಣೆಯ ನಂತರ, ಸಮುದ್ರದ ಕಡೆಯ 13 ಆಧಾರಚೌಕಟ್ಟುಗಳನ್ನು ಮಾತ್ರ ತೆಗೆಯಬಹುದೆಂದು ತೀರ್ಮಾನವಾಯಿತು. ತುದಿಯನ್ನು ಬಿಟ್ಟುಕೊಟ್ಟಿದ್ದರಿಂದಲೇ ಉಳಿದ ಭಾಗವು ದಕ್ಕಿತೆನ್ನಬಹುದು. 1978ರಲ್ಲಿ ಪುನಃ ತೆರೆದ ಪಿಯರ್ 2001ರ ವೇಳೆಗೆ ಲಾಟರಿ ನಿಧಿಯ ನೆರವಿನಿಂದ ಜೀರ್ಣೋದ್ಧಾರಗೊಂಡಿತು. ಅದರ ಈಗಿನ ಉದ್ದ 681 ಅಡಿ, ಮೂಲದ ಅರ್ಧಕ್ಕಿಂತ ಕಡಿಮೆ.