ಆರ್‌ಟಿಸಿಯಲ್ಲಿ ಅಜ್ಜಿಯ ಹೆಸರು

ನಮ್ಮ ಬೆಳ್ಳಾರೆ ಕಡೆ ‘ಕೃಷಿಕರು’ ಅಂದರೆ ಗಂಡಸರು. ಸನ್ಮಾನದ ಶಾಲು ಅವರ ಹೆಗಲಿಗೆ, ಮಹಾಸಭೆಯಲ್ಲಿ ಮುಂದಿನ ಕುರ್ಚಿ ಅವರಿಗೆ. ಹೆಂಗಸರು ಎಂತ ಮಾಡ್ತಾರೆ ಅಂತ ಕೇಳಿದರೆ, ‘ಮನೆಯಲ್ಲೇ ಇದ್ದಾರೆ’ ಎಂಬ ಉತ್ತರ. ಹಾಗೆ ಎಪ್ಪತ್ತು ವರ್ಷಕ್ಕೂ ಮಿಕ್ಕಿ ‘ಮನೆಯಲ್ಲೇ ಇದ್ದ’ ನನ್ನ ಅಜ್ಜಿಗೆ ಈಗ ತೊಂಬತ್ತು ದಾಟಿದೆ.

1837ರಲ್ಲಿ ಕಂಪನಿ ಸರಕಾರದ ವಿರುದ್ಧ ಎದ್ದ ರೈತರು ವಶಪಡಿಸಿಕೊಂಡ ಖಜಾನೆ ಇದ್ದದ್ದು ನಮ್ಮೂರಿನಲ್ಲೇ. ದಂಡು ಕಟ್ಟಿಕೊಂಡು ಹೋದವರ ಹೆಸರುಗಳು ಇತಿಹಾಸದಲ್ಲಿವೆ. ಅವರು ಹೋದ ಮೇಲೆ ಹಟ್ಟಿಯಲ್ಲಿದ್ದ ದನಗಳಿಗೆ ಹುಲ್ಲು ಹಾಕಿದ್ದು ಯಾರು? ನನಗೆ ಆಗಾಗ ಈ ಪ್ರಶ್ನೆ ಬರುತ್ತದೆ. ಅಜ್ಜಿಯನ್ನು ನೋಡಿದ ಮೇಲೆ ಬರದೆ ಇರುವುದು ಹೇಗೆ!

ಮದುವೆಯಾಗಿ ಬಂದಾಗ ಅವರಿಗೆ ಹದಿನಾರು. ಹಟ್ಟಿ ತುಂಬ ಗಿಡ್ಡ ತಳಿಯ ದನಗಳು. ಒಂದೊಂದು ಕೊಡುತ್ತಿದ್ದದ್ದು ಹೊತ್ತಿಗೆ ಕುಡ್ತೆ ಲೆಕ್ಕದ ಹಾಲು. ಹಾಗಾದರೆ ಅಷ್ಟು ದನ ಯಾಕೆ? ಗೊಬ್ಬರಕ್ಕೆ. ಗುಡ್ಡೆಯಿಂದ ಸೊಪ್ಪು ಕಡಿದು ತಲೆಹೊರೆಯಲ್ಲಿ ತಂದು ಹಟ್ಟಿಗೆ ಹಾಸಬೇಕು, ದನ ಅದನ್ನು ತುಳಿಯಬೇಕು, ಅದರ ಮೇಲೆ ಮತ್ತೆ ಸೊಪ್ಪು. ಆ ಗೊಬ್ಬರ ಬುಟ್ಟಿ ಬುಟ್ಟಿಯಾಗಿ ಅಡಿಕೆ ಮರದ ಬುಡಕ್ಕೆ ಹೋಗುತ್ತಿತ್ತು. ಸೆಗಣಿ ಸಾರಿಸಿದ ಅಂಗಳದಲ್ಲಿ ಅಡಿಕೆ ಒಣಗಬೇಕು, ನಲವತ್ತು ನಲವತ್ತೈದು ಬಿಸಿಲು. ನಡುವೆ ಅಕಾಲ ಮಳೆ ಬಂದರೆ ಒಲೆಯ ಮೇಲಿದ್ದದ್ದನ್ನು ಬಿಟ್ಟು ಓಡಬೇಕು. ಒಣಗಿದ್ದನ್ನು ಸುಲಿದು ಚಾಲಿ, ಪಟೋರ, ಕರಿಗೋಟು ಅಂತ ಬೇರೆ ಮಾಡುವುದೂ ಹೆಂಗಸರ ಕೈಯಲ್ಲೇ. ಅಜ್ಜ ಚೀಲ ಹೊಲಿಸಿ ಪುತ್ತೂರಿಗೆ ಕೊಂಡು ಹೋಗಿ ಮಾರಿ ಬರುತ್ತಿದ್ದರು. ಅವರು ‘ಕೃಷಿಕರು’.

ಇದರ ನಡುವೆ ಆರು ಹೆರಿಗೆ, ಆರೂ ಮನೆಯಲ್ಲೇ. ಒಂದು ಮಗು ಉಳಿಯಲಿಲ್ಲ. ಆ ಮಾತನ್ನು ಅಜ್ಜಿ ಹೆಚ್ಚು ಆಡುವುದಿಲ್ಲ, ನಾನೂ ಕೇಳುವುದಿಲ್ಲ.

ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವ ದಿನ ಮಾತ್ರ ಅಜ್ಜಿಗೆ ತೋಟದವರ ನಡುವೆ ಒಂದು ಸ್ಥಾನ ಇತ್ತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸಬೇಕು. ಹದ ನೋಡಲು ಅಜ್ಜಿ ಅಡುಗೆಮನೆಯ ಕತ್ತಿಯನ್ನು ಉಜ್ಜಿ ತಂದು ಅದರಲ್ಲಿ ಅದ್ದುತ್ತಿದ್ದರು. ಅಲಗಿಗೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು. ‘ಇನ್ನೂ ಹಾಕಿ’ ಅಂತ ಅವರು ಹೇಳಿದರೆ ಅಜ್ಜನೂ ಎದುರು ಮಾತಾಡುತ್ತಿರಲಿಲ್ಲವಂತೆ.

1970ರ ಆಸುಪಾಸಿನಲ್ಲಿ ಅಡಿಕೆ ಧಾರಣೆ ಕುಸಿಯಿತು. ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಕ್ಯಾಂಪ್ಕೋ ಹುಟ್ಟಿದ್ದು ಆ ಸಂಕಟದಿಂದಲೇ. ಅಲ್ಲಿಯವರೆಗೆ ಮನೆ ನಡೆದದ್ದು ಹೇಗೆ? ‘ಮಜ್ಜಿಗೆ ನೀರು ಮಾಡಿ’ ಅಂತ ಅಜ್ಜಿ ನಗುತ್ತಾರೆ. ಕೈಬಳೆ ಹೋದದ್ದೂ ಆಗಲೇ ಎಂದು ನನಗೆ ಹೇಳಿದ್ದು ಅಮ್ಮ.

ಮುಂದೆ ಊರಿಗೆ ಹಾಲಿನ ಸೊಸೈಟಿ ಬಂತು, ಹಟ್ಟಿಗೆ ಜರ್ಸಿ ದನ ಬಂತು. ಸೊಸೈಟಿಯ ಪಾಸ್‌ಪುಸ್ತಕದ ಮೇಲೆ ಅಜ್ಜಿಯ ಹೆಸರು. ಅವರ ಹೆಸರಿಗೆ ದುಡ್ಡು ಬಂದದ್ದು ಅದೇ ಮೊದಲು. ನನ್ನ ಚಿಕ್ಕಮ್ಮನ ಕಾಲೇಜು ಫೀಸು ಹೋದದ್ದು ಆ ದುಡ್ಡಿನಲ್ಲಿ.

ಅಜ್ಜಿಗೆ ರಜೆ ಅಂತ ಇದ್ದದ್ದು ಸೋಮವಾರ ಬೆಳಿಗ್ಗೆ ಒಂದೆರಡು ಗಂಟೆ. ಕರೆದು ಮುಗಿಸಿ, ಮಿಂದು, ತುಂಬೆ ಹೂ ಕೊಯ್ದುಕೊಂಡು ಅಜಪಿಲ ಮಹಾಲಿಂಗೇಶ್ವರನಲ್ಲಿಗೆ ನಡೆದು ಹೋಗುವುದು. ಭಕ್ತಿ ಇತ್ತು, ಸುಳ್ಳಲ್ಲ. ಆದರೆ ಪೂಜೆ ಆದ ಮೇಲೆ ಹೆಂಗಸರ ಪಟ್ಟಾಂಗವೂ ಅಷ್ಟೇ ಮುಖ್ಯ. ಯಾರ ದನ ಕರು ಹಾಕಿತು, ಯಾರ ಮಗಳಿಗೆ ಸಂಬಂಧ ಕೂಡಿತು, ಎಲ್ಲ ಅಲ್ಲೇ ಗೊತ್ತಾಗುವುದು. ಗಂಡ ಹೋದ ಮೇಲೆ ಮಕ್ಕಳು ತಂದ ಕಾಗದಕ್ಕೆ ಸಹಿ ಹಾಕಿದ ಒಬ್ಬರು, ಬಸ್ಸಿನ ಚಾರ್ಜಿಗೂ ಸೊಸೆಯಲ್ಲಿ ಕೇಳಬೇಕು ಅಂತ ಕಣ್ಣೀರು ಹಾಕಿದ್ದನ್ನು ಅಜ್ಜಿ ಕೇಳಿದ್ದೂ ಅಲ್ಲೇ.

ಹಾಗಾಗಿ ಅಜ್ಜ ತೀರಿಕೊಂಡು ವರ್ಷಾಂತ ಕಳೆದ ಮೇಲೆ ದೊಡ್ಡಪ್ಪ ಹಕ್ಕು ಬಿಡುಗಡೆ ಪತ್ರ ತಂದಾಗ ಅಜ್ಜಿ ಕನ್ನಡಕ ತರಿಸಿ ಓದಿದರು. ‘ಸುಮ್ಮನೆ ಒಂದು ಸಹಿ ಅಮ್ಮ, ನಿಮ್ಮನ್ನು ಯಾರು ಬಿಡ್ತಾರೆ’ ಅಂದರು ದೊಡ್ಡಪ್ಪ. ‘ಬಿಡುವುದಿಲ್ಲ ಅಂತಾದರೆ ನನ್ನ ಹೆಸರೂ ಇರ್ಲಿ. ಅದಕ್ಕೆ ಅನ್ನ ಹಾಕಬೇಕಾ?’ ಅಂದರು ಅಜ್ಜಿ. ಗಂಡನ ಆಸ್ತಿಯಲ್ಲಿ ಹೆಂಡತಿಗೂ ಮಕ್ಕಳ ಸಮ ಪಾಲು ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಇದೆ. ಅಜ್ಜಿಗೆ ಕಾಯ್ದೆ ಗೊತ್ತಿರಲಿಲ್ಲ, ಸೋಮವಾರದ ಸುದ್ದಿ ಗೊತ್ತಿತ್ತು.

ಮನೆಯಲ್ಲಿ ದೊಡ್ಡ ಗಲಾಟೆ ಆಗಲಿಲ್ಲ. ಆದರೆ ದೊಡ್ಡಪ್ಪ ನಾಲ್ಕು ತಿಂಗಳು ಅಮ್ಮನಲ್ಲಿ ಸರಿಯಾಗಿ ಮಾತಾಡಲಿಲ್ಲ. ಅವರಿಗೆ ಹೊತ್ತು ಹೊತ್ತಿಗೆ ಚಹಾ ಕೊಡುವುದನ್ನು ಅಜ್ಜಿಯೂ ಬಿಡಲಿಲ್ಲ, ಹಟವನ್ನೂ ಬಿಡಲಿಲ್ಲ. ಕೊನೆಗೆ ಆರ್‌ಟಿಸಿಯಲ್ಲಿ ಮಕ್ಕಳ ಜೊತೆ ಅವರ ಹೆಸರೂ ಬಂತು. ಇಂಥವರನ್ನು ತ್ಯಾಗಮಯಿ ಅಂತ ಹೊಗಳಿ ಬರೆಯುವುದು ಸುಲಭ. ನನಗೆ ಅಜ್ಜಿಯ ತ್ಯಾಗಕ್ಕಿಂತ ಅವರು ತ್ಯಾಗ ಮಾಡದೆ ಉಳಿಸಿಕೊಂಡ ಆ ಒಂದು ಸಾಲು ಇಷ್ಟ.

ಈಗ ಹಟ್ಟಿಯಲ್ಲಿ ಇರುವುದು ಎರಡೇ ದನ. ಮೊಣಕಾಲು ನೋವಿನಿಂದ ಅಜ್ಜಿ ಹಟ್ಟಿಗೆ ಇಳಿಯುವುದಿಲ್ಲ. ದೇವಸ್ಥಾನಕ್ಕೆ ರಿಕ್ಷಾದಲ್ಲಿ ಹೋಗುತ್ತಾರೆ, ಬಾಡಿಗೆ ತಮ್ಮ ಪರ್ಸಿನಿಂದಲೇ ಕೊಡುತ್ತಾರೆ. ಕಳೆದ ಮಳೆಗಾಲ ಮದ್ದು ಬಿಡುವ ದಿನ ಜಗಲಿಯಲ್ಲಿ ಕೂತಿದ್ದವರು ದೊಡ್ಡಪ್ಪನ ಮಗನನ್ನು ಕರೆದರು. ‘ಕತ್ತಿ ಅದ್ದಿ ನೋಡಿದಿಯಾ ಮಗಾ?’ ಅವನು ಪಿಎಚ್ ಪೇಪರ್ ತೋರಿಸಿದ. ಅಜ್ಜಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ‘ಇರ್ಲಿ, ಕತ್ತಿಯನ್ನೂ ತಾ’ ಅಂದರು.