ವಿದುರಾಶ್ವತ್ಥ: ಭೂಗೋಳ ಮತ್ತು ಹವಾಗುಣ

ವಿದುರಾಶ್ವತ್ಥವು ಕರ್ನಾಟಕದ ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನಲ್ಲಿ ಉತ್ತರ ಪಿನಾಕಿನಿ ನದಿಯ ದಡದಲ್ಲಿರುವ ಒಂದು ಚಿಕ್ಕ ಗ್ರಾಮ. ತಾಲ್ಲೂಕು ಕೇಂದ್ರದಿಂದ ಹಿಂದೂಪುರದ ದಿಕ್ಕಿನಲ್ಲಿ ಸುಮಾರು 6 ಕಿ.ಮೀ. ದೂರದಲ್ಲಿದ್ದು, ಆಂಧ್ರಪ್ರದೇಶದ ಗಡಿಗೆ ಸಮೀಪವಾಗಿದೆ. ಬೆಂಗಳೂರು-ಗುಂತಕಲ್ ರೈಲುಮಾರ್ಗದಲ್ಲಿ ಇದೇ ಹೆಸರಿನ ನಿಲ್ದಾಣವಿದೆ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಿಗಳ ಮೇಲೆ ನಡೆದ ಗೋಲೀಬಾರಿನಿಂದಾಗಿ ಇದು 'ಕರ್ನಾಟಕದ ಜಲಿಯನ್‌ವಾಲಾಬಾಗ್' ಎಂದು ಪ್ರಸಿದ್ಧವಾಗಿದೆ. ಗ್ರಾಮಕ್ಕೆ ಹೆಸರು ತಂದ ಪುರಾತನ ಅಶ್ವತ್ಥವೃಕ್ಷವು 2001ರಲ್ಲಿ ಉರುಳಿಬಿತ್ತು. ಅದನ್ನು ಮಹಾಭಾರತದ ವಿದುರನು ನೆಟ್ಟನೆಂಬುದು ಸ್ಥಳೀಯರ ನಂಬಿಕೆ.

ನದಿ ಮತ್ತು ಕಣಿವೆ

ಉತ್ತರ ಪಿನಾಕಿನಿಯು ನಂದಿಬೆಟ್ಟದ ಶ್ರೇಣಿಯಲ್ಲಿ ಹುಟ್ಟಿ, ಗೌರಿಬಿದನೂರಿನ ಬಯಲನ್ನು ಹಾದು ಆಂಧ್ರಪ್ರದೇಶವನ್ನು ಪ್ರವೇಶಿಸುತ್ತದೆ. ಅಲ್ಲಿ ಪೆನ್ನಾ ಎಂಬ ಹೆಸರಿನಿಂದ ಹರಿದು ನೆಲ್ಲೂರಿನ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಒಟ್ಟು ಉದ್ದ 597 ಕಿ.ಮೀ. ಅರ್ಕಾವತಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ ನದಿಗಳಿಗೂ ಇದೇ ಬೆಟ್ಟಸಾಲು ಮೂಲ. ಇಷ್ಟು ನದಿಗಳಿಗೆ ಜನ್ಮವಿತ್ತ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಹರಿವು ಮಳೆಯನ್ನೇ ಅವಲಂಬಿಸಿದೆ. ಮೂಲಕ್ಕೆ ಸಮೀಪವಾದ್ದರಿಂದ ಇಲ್ಲಿ ನದಿಗೆ ನೀರೊದಗಿಸುವ ಜಲಾನಯನ ಪ್ರದೇಶವೂ ಚಿಕ್ಕದು.

ನಂದಿಬೆಟ್ಟದ ತುದಿ 1,478 ಮೀಟರ್ ಎತ್ತರದಲ್ಲಿದ್ದರೆ ಗೌರಿಬಿದನೂರಿನ ಬಯಲು ಸುಮಾರು 700 ಮೀಟರ್ ಎತ್ತರದಲ್ಲಿದೆ. ನೆಲದಡಿಯಲ್ಲಿರುವುದು ಗ್ರಾನೈಟ್ ಮತ್ತು ನೈಸ್ ಶಿಲೆ. ಗಟ್ಟಿಕಲ್ಲಿನಲ್ಲಿ ನೀರು ಹಿಂಗಿ ನಿಲ್ಲುವುದಿಲ್ಲ. ಮೇಲಿನ ಶಿಥಿಲ ಪದರದಲ್ಲಿ ಹಾಗೂ ಬಿರುಕುಗಳಲ್ಲಿ ಮಾತ್ರ ಸಂಗ್ರಹವಾಗುತ್ತದೆ. ಈ ಪ್ರದೇಶದ ನೀರಿನ ಕಥೆಯೆಲ್ಲವೂ ಈ ಒಂದು ಸಂಗತಿಯ ಮೇಲೆ ನಿಂತಿದೆ. ಮೇಲ್ಮಣ್ಣು ಬಹುಪಾಲು ಕೆಂಪು ಮರಳುಮಿಶ್ರಿತ ಗೋಡು. ನದಿಯಂಚಿನಲ್ಲಿ ಮೆಕ್ಕಲು ಮಣ್ಣಿದೆ.

ಹವಾಗುಣ

ಇದು ಅರೆಶುಷ್ಕ ವಲಯ. ವಾರ್ಷಿಕ ಸರಾಸರಿ ಮಳೆ ಸುಮಾರು 700 ಮಿ.ಮೀ. ಆದರೆ ಸರಾಸರಿಯನ್ನು ನಂಬಿ ಇಲ್ಲಿ ಯಾರೂ ಬಿತ್ತುವುದಿಲ್ಲ, ಏಕೆಂದರೆ ವರ್ಷದಿಂದ ವರ್ಷಕ್ಕೆ ಅಂತರ ದೊಡ್ಡದು. ಪಶ್ಚಿಮ ಘಟ್ಟಗಳ ಮಳೆನೆರಳಿನಲ್ಲಿರುವುದರಿಂದ ಜೂನ್-ಜುಲೈ ತಿಂಗಳುಗಳಲ್ಲಿ ಗಾಳಿಯೇ ಹೆಚ್ಚು, ಮಳೆ ಕಡಿಮೆ. ಮೇ ತಿಂಗಳಿನ ಗುಡುಗುಮಳೆ ಉಳುಮೆಗೆ ನೆರವಾಗುತ್ತದೆ. ಹೆಚ್ಚಿನ ಮಳೆ ಬೀಳುವುದು ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ. ರೈತರು ಹೇಳುವ ಉತ್ತರೆ, ಹಸ್ತ, ಚಿತ್ತೆ ಮಳೆಗಳು ಇವೇ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳಿಂದ ನವೆಂಬರ್‌ನಲ್ಲಿಯೂ ಒಮ್ಮೊಮ್ಮೆ ಜಡಿಮಳೆ ಹಿಡಿಯುತ್ತದೆ. ಏಪ್ರಿಲ್ ಅತ್ಯಂತ ಸೆಕೆಯ ತಿಂಗಳುಗಳಲ್ಲೊಂದು. ಡಿಸೆಂಬರ್-ಜನವರಿಯ ಬೆಳಗುಗಳು ಮಂಜಿನಿಂದ ಕೂಡಿರುತ್ತವೆ. ಸೊಗಡಿನ ಅವರೆಗೆ ಈ ಇಬ್ಬನಿ ಬೇಕು.

ಬೇಸಾಯ ಮತ್ತು ನೀರು

ರಾಗಿ, ಮುಸುಕಿನ ಜೋಳ, ನೆಲಗಡಲೆ, ತೊಗರಿ, ಅವರೆ ಸುತ್ತಲಿನ ಮುಖ್ಯ ಬೆಳೆಗಳು. ಗೌರಿಬಿದನೂರು ತಾಲ್ಲೂಕು ಮುಸುಕಿನ ಜೋಳಕ್ಕೆ ಹೆಸರಾಗಿದೆ. ನೀರಿನ ಅನುಕೂಲವುಳ್ಳವರು ತರಕಾರಿ, ಹೂವು, ಹಿಪ್ಪುನೇರಳೆ ಬೆಳೆಯುತ್ತಾರೆ.

ಹಿಂದೆ ಕೆರೆ, ತೆರೆದ ಬಾವಿ ಮತ್ತು ನದಿಯ ಮರಳಿನಲ್ಲಿ ತೋಡುತ್ತಿದ್ದ ತಲಪರಿಗೆಗಳಿಂದ ನೀರು ದೊರೆಯುತ್ತಿತ್ತು. ನದಿಯ ಮರಳು ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಸಗೆಯಲ್ಲಿ ಕೊಡುತ್ತಿತ್ತು. ಮರಳು ಸಾಗಾಟವಾದಂತೆ ಆ ಸಂಗ್ರಹವೂ ಹೋಯಿತು. ರಾಜಕಾಲುವೆಗಳ ಒತ್ತುವರಿ, ನೀಲಗಿರಿ ತೋಪುಗಳು ಹಾಗೂ ಎಲ್ಲಕ್ಕಿಂತ ಹೆಚ್ಚಾಗಿ ಕೊಳವೆಬಾವಿಗಳು ನದಿಯನ್ನು ಒಣಗಿಸಿದವು. ಜಿಲ್ಲೆಯ ಅನೇಕ ಕಡೆ ಸಾವಿರ ಅಡಿ ಕೊರೆದರೂ ನೀರು ಸಿಗುವುದು ಖಚಿತವಿಲ್ಲ. ಆಳದ ನೀರು ಬಹುಕಾಲ ಶಿಲೆಯ ಸಂಪರ್ಕದಲ್ಲಿರುವುದರಿಂದ ಅದರಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಬಹುಕಾಲ ಕುಡಿದರೆ ಮಕ್ಕಳ ಹಲ್ಲುಗಳಲ್ಲಿ ಕಲೆ ಮೂಡುತ್ತದೆ, ಪ್ರಮಾಣ ಇನ್ನೂ ಹೆಚ್ಚಿದರೆ ಮೂಳೆಗಳು ಬಾಧಿತವಾಗುತ್ತವೆ. ತಾಲ್ಲೂಕಿನ ಹಳ್ಳಿಗಳಲ್ಲಿ ಶುದ್ಧೀಕರಣ ಘಟಕಗಳಿಂದ ನೀರು ತರುವುದು ಈ ಕಾರಣಕ್ಕಾಗಿಯೇ.

ನದಿನೀರಿನ ಬಳಕೆಗೆ ಹಳೆಯ ಕಟ್ಟಳೆಯೊಂದೂ ಇದೆ. 1892ರ ಮೈಸೂರು-ಮದರಾಸು ಒಪ್ಪಂದವು, ಕಾವೇರಿಯಂತೆಯೇ ಉತ್ತರ ಪಿನಾಕಿನಿಯ ಮೇಲೂ ಮದರಾಸಿನ ಸಮ್ಮತಿಯಿಲ್ಲದೆ ಮೈಸೂರು ಹೊಸ ಜಲಾಶಯ ಕಟ್ಟುವುದನ್ನು ನಿರ್ಬಂಧಿಸಿತ್ತು. ಇತ್ತೀಚೆಗೆ ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಸಂಸ್ಕರಿಸಿದ ತ್ಯಾಜ್ಯನೀರನ್ನು ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಅಂತರ್ಜಲ ಏರಿತೆಂದು ಸಂತೋಷಪಟ್ಟವರೂ ಮೂರನೆಯ ಹಂತದ ಸಂಸ್ಕರಣೆಯಿಲ್ಲದ ಈ ನೀರು ಬೇಡವೆಂದವರೂ ರೈತರಲ್ಲಿಯೇ ಇದ್ದಾರೆ. 2021 ಮತ್ತು 2022ರ ಭಾರಿ ಮಳೆಗಳಲ್ಲಿ ಜಿಲ್ಲೆಯ ಕೆರೆಗಳು ಕೋಡಿಬಿದ್ದು, ಬಹುಕಾಲ ಒಣಗಿದ್ದ ಪಿನಾಕಿನಿಯಲ್ಲಿ ಮತ್ತೆ ನೀರು ಹರಿಯಿತು.