ಹಾಡುವ ಸಂಸಾರ

ಗಂಡಹೆಂಡಿರಿಬ್ಬರೂ ಒಂದೇ ಕಸುಬನ್ನು ಹಿಡಿದು ಬಾಳುವ ಮನೆಗಳನ್ನು ನಮ್ಮ ವಾಚಕರು ಕಾಣದವರಲ್ಲ. ಗಂಡನು ಮಗ್ಗದಲ್ಲಿ ಕುಳಿತರೆ ಹೆಂಡತಿಯು ಕಂಡಿಕೆ ಸುತ್ತುವಳು. ಅಂಗಡಿಯಲ್ಲಿ ಆತನು ತೂಕ ಮಾಡುತ್ತಿದ್ದರೆ ಒಳಗೆ ಆಕೆಯು ಕಾಳು ಹಸನುಮಾಡುವಳು. ಇಂಥ ಮನೆಗಳಲ್ಲಿ ಕಸುಬಿನ ಜಗಳವು ಎಲ್ಲಿ ಮುಗಿದು ಮನೆಯ ಜಗಳವು ಎಲ್ಲಿ ಮೊದಲಾಗುತ್ತದೆಂದು ಹೇಳುವುದು ಕಷ್ಟ. ಬೆಳಿಗ್ಗೆ ನೂಲು ಕಡಿದ ಮಾತು ರಾತ್ರಿ ಊಟದ ಎಲೆಯವರೆಗೂ ಬರುತ್ತದೆ. ಆದರೆ ಆ ಕಸುಬು ಹಾಡುವುದೇ ಆಗಿದ್ದರೆ? ಅದೂ ಊರಿಂದೂರಿಗೆ ತಿರುಗಿ, ನೂರಾರು ಜನರ ಎದುರಿಗೆ ದೀಪದ ಬೆಳಕಿನಲ್ಲಿ ನಿಂತು, ಮುನಿಸಿದ್ದ ದಿನವೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡು ಒಲವಿನ ಹಾಡನ್ನೇ ಹಾಡಬೇಕಾಗಿದ್ದರೆ? ಅಂಥ ದಂಪತಿಗಳ ವೃತ್ತಾಂತವೊಂದನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ. ಅವರು ನಮ್ಮ ಸೀಮೆಯವರಲ್ಲ. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಒಂದಾದ ಓಹಾಯೋದವರು. ಆದರೂ ಅವರಿಗೆ ಒದಗಿದ ಸಂಕಟವು ಯಾವ ಸೀಮೆಯ ಗೃಹಸ್ಥನಿಗೂ ಅಪರಿಚಿತವಾದುದಲ್ಲ.

ಓಹಾಯೋ ನದಿಯ ದಂಡೆಯ ಮೇಲೆ ಸಿನ್ಸಿನಾಟಿಯೆಂಬ ಪಟ್ಟಣವಿದೆ. 19ನೆಯ ಶತಮಾನದಲ್ಲಿ ಜರ್ಮನಿಯಿಂದ ಬಂದ ಜನರು ಅಲ್ಲಿ ಗುಂಪುಗುಂಪಾಗಿ ನೆಲಸಿದರು. ಪಟ್ಟಣದ ನಡುಭಾಗಕ್ಕೂ ಅವರ ಕೇರಿಗೂ ನಡುವೆ ದೋಣಿಗಳು ಸಂಚರಿಸುವ ಕಾಲುವೆಯೊಂದು ಹರಿಯುತ್ತಿತ್ತು. ಜರ್ಮನಿಯ ಮಹಾನದಿಯಾದ ರೈನಿನ ಹೆಸರನ್ನು ಆ ಕಾಲುವೆಗೆ ಕುಚೋದ್ಯಕ್ಕೆ ಇಟ್ಟು, ಕಾಲುವೆ ದಾಟಿ ಆ ಕೇರಿಗೆ ಹೋಗುವುದನ್ನು ‘ರೈನಿನಾಚೆಗೆ’ ಹೋಗುವುದೆಂದು ಊರವರು ಕರೆದರು. ಕುಚೋದ್ಯದ ಹೆಸರೇ ನಿಂತಿತು. ಆ ಕೇರಿಗೆ ಇಂದಿಗೂ ‘ಓವರ್ ದ ರೈನ್’ ಎಂದೇ ಹೆಸರು. ಕಾಲುವೆಯು ಮಾತ್ರ ಉಳಿಯಲಿಲ್ಲ. ನೀರನ್ನು ಬಸಿದು, 1920ರ ದಶಕದಲ್ಲಿ ಅದರ ಪಾತ್ರದಲ್ಲಿಯೇ ನೆಲದೊಳಗಿನ ರೈಲಿಗಾಗಿ ಸುರಂಗವನ್ನು ಕಟ್ಟಿದರು. ಹಣ ಸಾಲದೆ ಆ ಸುರಂಗದಲ್ಲಿ ಒಂದು ರೈಲೂ ಓಡಲಿಲ್ಲ. ಈಗ ಅದರ ಮೇಲೆ ಅಗಲವಾದ ರಸ್ತೆಯಿದೆ, ಕೆಳಗೆ ಕತ್ತಲೆಯ ಟೊಳ್ಳಿದೆ.

ಈ ಹಳೆಯ ಕೇರಿಯ ಹೆಸರನ್ನೇ ಇಟ್ಟುಕೊಂಡು 1989ರಲ್ಲಿ ನಾಲ್ವರು ತರುಣರು ಒಂದು ಸಂಗೀತದ ತಂಡವನ್ನು ಕಟ್ಟಿದರು. ಅವರಲ್ಲಿ ಲಿನ್ಫರ್ಡ್ ಡೆಟ್ವೈಲರ್ ಎಂಬಾತನು ಹಾಡುಗಳನ್ನು ಬರೆಯುತ್ತ ವಾದ್ಯ ನುಡಿಸುತ್ತಿದ್ದನು. ಕ್ಯಾರಿನ್ ಬರ್ಗ್‌ಕ್ವಿಸ್ಟ್ ಎಂಬಾಕೆಯು ಹಾಡುತ್ತಿದ್ದಳು. ಇವರಿಬ್ಬರೂ ಓಹಾಯೋದ ಕ್ಯಾಂಟನ್ನಿನಲ್ಲಿರುವ ಮಲೋನ್ ಕಾಲೇಜಿನಲ್ಲಿ ಕಲಿತವರು. ತಂಡದ ಮೊದಲನೆಯ ಧ್ವನಿಮುದ್ರಿಕೆಯು 1991ರಲ್ಲಿ ಅವರ ಸ್ವಂತ ಖರ್ಚಿನಿಂದಲೇ ಹೊರಬಿತ್ತು. ಅವರ ಸಂಗೀತವನ್ನು ಕೇಳದವರಿಗಾಗಿ ಎರಡು ಮಾತು: ಜನಪದ ಗೀತದ ಜಾಡಿನಲ್ಲಿ ಹುಟ್ಟಿ, ಎಲ್ಲರೂ ಗುಣುಗುಣಿಸಬಹುದಾದ ಧಾಟಿಗೆ ಇಳಿದ ಹಾಡುಗಳವು. ಪಿಯಾನೋ, ಮರದ ಗಿಟಾರು, ಅವುಗಳ ಮೇಲೆ ಹೆಣ್ಣಿನ ಗಂಭೀರವಾದ ದನಿ. ಬಹಳ ನಿಧಾನ. ಅವಸರದಲ್ಲಿರುವವರಿಗೆ ಮೊದಲ ಸಲ ರುಚಿಸಲಾರದೆಂಬುದನ್ನು ನಾವು ಮುಚ್ಚಿಡುವುದಿಲ್ಲ.

ಮೊದಲ ಕೆಲವು ವರ್ಷಗಳಲ್ಲಿ ಅದೃಷ್ಟವು ಒಲಿದಂತೆ ತೋರಿತು. ಐ.ಆರ್.ಎಸ್. ಎಂಬ ಹೆಸರಾಂತ ಮುದ್ರಿಕೆಯ ಕಂಪನಿಯು ಅವರನ್ನು ಒಪ್ಪಿಕೊಂಡು 1994ರಲ್ಲಿ ‘ಈವ್’ ಎಂಬ ಮುದ್ರಿಕೆಯನ್ನು ಹೊರತಂದಿತು. ಇಂಥ ಒಪ್ಪಂದಗಳ ರೀತಿಯು ನಮ್ಮ ಗೇಣಿಯ ಸಾಗುವಳಿಗೆ ಹತ್ತಿರವಾದುದು. ಕಂಪನಿಯು ಮುಂಗಡವಾಗಿ ಹಣ ಕೊಡುತ್ತದೆ; ಮುದ್ರಣದ ವೆಚ್ಚವನ್ನು ವಹಿಸುತ್ತದೆ; ಮಾರಾಟದಲ್ಲಿ ಹಾಡುಗಾರರ ಪಾಲಿಗೆ ಬರುವ ಹಣದಿಂದ ಆ ಮುಂಗಡವು ತೀರುವವರೆಗೆ ಅವರ ಕೈಗೆ ಕಾಸು ಸೇರುವುದಿಲ್ಲ. ತೀರಿದ ಮೇಲೂ ಮೂಲ ಮುದ್ರಿಕೆಯು ಸಾಮಾನ್ಯವಾಗಿ ಕಂಪನಿಯದೇ. ಉತ್ತವರು ಇವರು, ಹೊಲ ಅವರದು. 1996ರಲ್ಲಿ ಆ ಕಂಪನಿಯೇ ಬಾಗಿಲು ಹಾಕಿತು.

ನಾಲ್ವರಲ್ಲಿ ಇಬ್ಬರು ಬೇರೆ ದಾರಿ ಹಿಡಿದರು. ಉಳಿದ ಇಬ್ಬರು ಅಷ್ಟರಲ್ಲಿ ಸತಿಪತಿಗಳಾಗಿದ್ದರು. ಕಂಪನಿಯಿಲ್ಲ, ತಂಡವಿಲ್ಲ, ಹೆಸರೊಂದು ಉಳಿದಿದೆ, ಮನೆಯಲ್ಲಿ ತಾವೇ ಹಿಡಿದಿಟ್ಟ ಕೆಲವು ಹಾಡುಗಳಿವೆ. ಆ ಹಾಡುಗಳನ್ನೇ ‘ಗುಡ್ ಡಾಗ್ ಬ್ಯಾಡ್ ಡಾಗ್’ ಎಂಬ ಹೆಸರಿನಿಂದ 1996ರಲ್ಲಿ ತಾವೇ ಪ್ರಕಟಿಸಿ, ಕಚೇರಿ ಮುಗಿದ ಮೇಲೆ ಮೇಜಿನ ಮೇಲಿಟ್ಟು ಮಾರಿದರು. ಮನೆಯ ಪಾಕವೇ ಜನರಿಗೆ ಹಿಡಿಸಿತು. ಕೆಲವು ವರ್ಷಗಳಾದ ಮೇಲೆ ದೊಡ್ಡ ಕಂಪನಿಯೊಂದರ ಅಂಗಸಂಸ್ಥೆಯು ತಾನಾಗಿ ಬಂದು ಅದನ್ನು ಮತ್ತೆ ಅಚ್ಚುಹಾಕಿತು. ಈ ನಡುವೆ ಕೌಬಾಯ್ ಜಂಕೀಸ್ ಎಂಬ ಕೆನಡಾದ ಪ್ರಸಿದ್ಧ ತಂಡದ ಜತೆಗೆ ಸಹವಾದ್ಯಗಾರರಾಗಿಯೂ ದಂಪತಿಗಳು ಊರೂರು ಅಲೆದರು.

ಈ ಅಲೆತವೆಂದರೇನೆಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಮುಂದಿನ ಕಥೆಯೆಲ್ಲ ಅದರ ಮೇಲೆ ನಿಂತಿದೆ. ಸ್ವತಂತ್ರ ಹಾಡುಗಾರರ ಜೀವನವು ಮುದ್ರಿಕೆಗಿಂತ ಹೆಚ್ಚಾಗಿ ಕಚೇರಿಯಿಂದಲೇ ನಡೆಯತಕ್ಕದ್ದು. ಹೊಸ ಮುದ್ರಿಕೆ ಹೊರಟ ಕೂಡಲೆ ವಾದ್ಯಗಳನ್ನು ಗಾಡಿಗೆ ಹೇರಿ ಹೊರಡಬೇಕು. ಇಂದು ಒಂದು ಪಟ್ಟಣ, ನಾಳೆ ನಾನೂರು ಮೈಲಿಯಾಚೆ ಮತ್ತೊಂದು. ಮಧ್ಯಾಹ್ನ ಸಭಾಗೃಹವನ್ನು ಮುಟ್ಟಿ, ವಾದ್ಯ ಇಳಿಸಿ, ಶ್ರುತಿ ಸರಿಮಾಡಿ, ದನಿ ಮೂಲೆಮೂಲೆಗೂ ಕೇಳುವುದೇ ಎಂದು ಪರೀಕ್ಷಿಸಬೇಕು. ರಾತ್ರಿ ಎರಡು ತಾಸು ಹಾಡಿ, ಆಮೇಲೆ ಮೇಜಿನ ಬಳಿ ನಿಂತು ಬಂದವರೊಡನೆ ನಗುತ್ತ ಮಾತಾಡಿ, ಮುದ್ರಿಕೆ ಮಾರಿ, ಲೆಕ್ಕ ನೋಡಿ, ಮತ್ತೆ ವಾದ್ಯ ಹೇರಿ, ಯಾವುದೋ ಹೋಟೆಲಿನ ಕೋಣೆಯಲ್ಲಿ ಮಲಗಬೇಕು. ಹೀಗೆ ವಾರಗಟ್ಟಲೆ. ಇತರ ಉದ್ಯೋಗಸ್ಥರು ಸಂಜೆ ಮನೆಗೆ ಬಂದು ದಿನದ ಬೇಸರವನ್ನು ಹೆಂಡತಿಯ ಹತ್ತಿರ ಹೇಳಿಕೊಳ್ಳುವರು. ಇಲ್ಲಿ ಹೇಳುವವರೂ ಕೇಳುವವರೂ ಒಂದೇ ಗಾಡಿಯಲ್ಲಿ ಒಂದೇ ಬೇಸರವನ್ನು ಹೊತ್ತು ಕುಳಿತವರು. ದಿನವಿಡೀ ಜತೆಗಿದ್ದೂ ಮಾತೇ ಆಡದೆ ವರ್ಷಗಳನ್ನು ಕಳೆಯುವುದು ಹೀಗೆಯೇ ಸಾಧ್ಯವಾಗುತ್ತದೆ.

2003ರಲ್ಲಿ ಎರಡು ತಟ್ಟೆಗಳ ದೊಡ್ಡ ಮುದ್ರಿಕೆಯೊಂದನ್ನು ಅವರು ಹೊರತಂದರು. ತಮ್ಮ ಸೀಮೆಯ ಹೆಸರನ್ನೇ ಅದಕ್ಕಿಟ್ಟರು: ‘ಓಹಾಯೋ’. ವಿಮರ್ಶಕರು ಮೆಚ್ಚಿದರು. ಹದಿನಾಲ್ಕು ವರ್ಷಗಳ ದುಡಿಮೆಗೆ ಫಲ ಬರುವ ಕಾಲ. ಊರೂರಿನ ಸಭಾಗೃಹಗಳು ಗೊತ್ತಾಗಿದ್ದವು, ಟಿಕೀಟುಗಳು ಮಾರಾಟಕ್ಕಿದ್ದವು. ಆ ಸಂಚಾರದ ನಡುವೆಯೇ ದಂಪತಿಗಳು ಒಬ್ಬರನ್ನೊಬ್ಬರು ಕಳೆದುಕೊಳ್ಳುತ್ತಿದ್ದಾರೆಂಬುದು ಅವರಿಗೆ ಸ್ಪಷ್ಟವಾಯಿತು. ತಮ್ಮಲ್ಲಿದ್ದ ಶಕ್ತಿಯೆಲ್ಲ ಸಂಗೀತಕ್ಕೆ ವೆಚ್ಚವಾಗಿ, ದಾಂಪತ್ಯಕ್ಕೆ ಮಿಗುತ್ತಿರಲಿಲ್ಲವೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಉಳಿದ ಕಚೇರಿಗಳನ್ನೆಲ್ಲ ರದ್ದುಪಡಿಸಿ ಅವರು ಮನೆಗೆ ತಿರುಗಿದರು.

ಇದನ್ನು ಓದುವಷ್ಟು ಸುಲಭವಾಗಿ ಮಾಡಲಾಗುವುದಿಲ್ಲ. ಕಚೇರಿ ರದ್ದಾದರೆ ಟಿಕೀಟಿನ ಹಣ ಹಿಂದಕ್ಕೆ ಹೋಗುತ್ತದೆ. ಗೊತ್ತುಮಾಡಿದವರಿಗೆ ಸಮಾಧಾನ ಹೇಳಬೇಕು. ನೆಚ್ಚಿಕೊಂಡು ಬಂದ ಪಕ್ಕವಾದ್ಯದವರ ಹೊಟ್ಟೆಯ ಪ್ರಶ್ನೆಯೂ ಇದೆ. ಹೊಸ ಮುದ್ರಿಕೆಯು ಬಿಸಿಯಾಗಿರುವ ನಾಲ್ಕು ತಿಂಗಳು ತಪ್ಪಿದರೆ ಜನರ ಕಿವಿ ಬೇರೆ ಕಡೆಗೆ ತಿರುಗುತ್ತದೆ. ಬೆಳೆ ಕೊಯ್ಲಿಗೆ ಬಂದಾಗ ಹೊಲ ಬಿಟ್ಟು ಹೋದಂತೆಯೇ ಇದು.

ಇಲ್ಲಿ ಇನ್ನೊಂದು ದಂಪತಿಗಳ ನೆನಪು ಬಾರದಿರದು. ಇಂಗ್ಲೆಂಡಿನ ರಿಚರ್ಡ್ ಮತ್ತು ಲಿಂಡಾ ಥಾಮ್ಸನ್ನರು 1972ರಲ್ಲಿ ಮದುವೆಯಾಗಿ, ಸುಮಾರು ಹತ್ತು ವರ್ಷ ಜೋಡಿಯಾಗಿ ಹಾಡಿ, ಆರು ಮುದ್ರಿಕೆಗಳನ್ನು ಕೊಟ್ಟವರು. ಅವರ ಕೊನೆಯ ಮುದ್ರಿಕೆಯಾದ ‘ಶೂಟ್ ಔಟ್ ದ ಲೈಟ್ಸ್’ 1982ರಲ್ಲಿ ಹೊರಬಂದಾಗ ದಾಂಪತ್ಯವು ಮುರಿದುಹೋಗಿತ್ತು. ಆ ಹಾಡುಗಳೆಲ್ಲ ಮುರಿದ ಸಂಸಾರದ ಅಳಲೆಂದು ಕೇಳುವವರು ತಿಳಿದರು. ನಿಜವಾಗಿ ಅವುಗಳಲ್ಲಿ ಹೆಚ್ಚಿನವು ಅದಕ್ಕಿಂತ ಮುಂಚೆ, 1980ರ ವೇಳೆಗೇ ರಚಿತವಾಗಿದ್ದವು. ಹೇಗಾದರೂ ಆಗಲಿ, ಅಮೆರಿಕದ ಸಂಚಾರ ಮಾತ್ರ ನಿಲ್ಲಲಿಲ್ಲ. ಬೇರೆಯಾದ ಗಂಡಹೆಂಡಿರು ರಾತ್ರಿ ರಾತ್ರಿಯೂ ಒಂದೇ ವೇದಿಕೆಯನ್ನು ಹತ್ತಿ ಹಾಡಿದರು. ಲಿಂಡಾ ಅವರ ರೋಷದ ಕತೆಗಳು ಇಂದಿಗೂ ಆ ಬಳಗದಲ್ಲಿ ಹೇಳಲ್ಪಡುತ್ತವೆ. ಅವರು ಆಗ ಹಾಡಿದಷ್ಟು ಚೆನ್ನಾಗಿ ಹಿಂದೆಂದೂ ಹಾಡಿರಲಿಲ್ಲವೆಂದು ಬಲ್ಲವರ ಮತ. ಆದರೆ ಅವರನ್ನು ಕಾಡುತ್ತಿದ್ದ ಗಂಟಲಿನ ಬಾಧೆಯೊಂದು ಮುಂದೆ ಬಲಿತು ಬಹುಕಾಲ ಅವರ ಹಾಡನ್ನೇ ನಿಲ್ಲಿಸಿಬಿಟ್ಟಿತು. 2002ರಲ್ಲಿ ಮತ್ತೆ ಒಂದು ಮುದ್ರಿಕೆಯನ್ನು ಹೊರತಂದಾಗ ಅದಕ್ಕೆ ಅವರಿಟ್ಟ ಹೆಸರಿನ ಅರ್ಥ ‘ತಡವಾಗಿ ಬಂದರೂ ಒಪ್ಪುವಂತೆ’ ಎಂದು.

ಥಾಮ್ಸನ್ನರು ತಪ್ಪು ಮಾಡಿದರೆಂದು ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಅವರ ಮನೆಯ ಒಳಗು ಅವರಿಗೇ ಗೊತ್ತು. ನಿಲ್ಲಿಸಿದ್ದರೂ ಉಳಿಯುತ್ತಿತ್ತೆಂದು ಯಾರು ಹೇಳಬಲ್ಲರು?

ಮನೆಗೆ ಮರಳಿದ ಓಹಾಯೋದ ದಂಪತಿಗಳು ಮಾಡಿದ್ದಾದರೂ ಏನು? ಕೆಲವು ವಾಚಕರಿಗೆ ಇದು ಹಿಡಿಸಲಾರದು. ಆದರೂ ಇದ್ದುದನ್ನು ಇದ್ದಂತೆ ಹೇಳುತ್ತೇವೆ. ದ್ರಾಕ್ಷಾರಸದ ಸೀಸೆಗಳನ್ನು ಮನೆಗೆ ತಂದಿಟ್ಟುಕೊಂಡು, ರಾತ್ರಿ ಅಡಿಗೆಮನೆಯ ಮೇಜಿನ ಬಳಿ ಎದುರುಬದುರಾಗಿ ಕುಳಿತು, ಸೀಸೆ ಬರಿದಾಗುವವರೆಗೆ ಮಾತಾಡುವುದು. ಎದ್ದುಹೋಗತಕ್ಕದ್ದಿಲ್ಲ. ಅವರ ಸಮಾಜದಲ್ಲಿ ಊಟದೊಡನೆ ದ್ರಾಕ್ಷಾರಸವು ನಮ್ಮ ಮಜ್ಜಿಗೆಯಂತೆ ನಡೆಯುವ ವಸ್ತು. ನಮ್ಮ ಮನೆಗಳಲ್ಲಿಯಾದರೆ ಎಲೆಯಡಿಕೆಯ ತಟ್ಟೆಯೇ ಆ ಕೆಲಸಕ್ಕೆ ಸಾಕು. ಮುಖ್ಯವಾದುದು ಕುಳಿತದ್ದು. ವೇದಿಕೆಯ ಮೇಲೆ ಸಾವಿರ ಜನರ ಮನಸ್ಸನ್ನು ಮುಟ್ಟುವ ಮಾತು ಬರೆಯಬಲ್ಲವರಿಗೂ ಎದುರಿಗಿದ್ದ ಒಬ್ಬರೊಡನೆ ಮಾತಾಡುವುದನ್ನು ಮೊದಲಿಂದ ಕಲಿಯಬೇಕಾಯಿತು.

ತಿಂಗಳುಗಳು ಹೋದವು. ಮಾತಿನಿಂದ ಮತ್ತೆ ಹಾಡು ಹುಟ್ಟಿತು. ಆ ಹಾಡುಗಳನ್ನು ದೊಡ್ಡ ಮುದ್ರಣಾಲಯಕ್ಕೆ ಒಯ್ಯದೆ ತಮ್ಮ ಮನೆಯ ಪಡಸಾಲೆಯಲ್ಲಿಯೇ ಮುದ್ರಿಸಿದರು. 2005ರಲ್ಲಿ ಅದು ಹೊರಬಿತ್ತು. ‘ಡ್ರಂಕರ್ಡ್ಸ್ ಪ್ರೇಯರ್’, ಎಂದರೆ ಕುಡುಕನ ಪ್ರಾರ್ಥನೆ, ಎಂಬ ಅದರ ಹೆಸರನ್ನು ಕೇಳಿ ಯಾರೂ ಬೆದರಬೇಕಾಗಿಲ್ಲ. ಒಳಗಿರುವುದು ಸಂಸಾರಿಗಳಿಬ್ಬರ ಮೆಲ್ಲನೆಯ ಸಂಭಾಷಣೆ. ತಮ್ಮ ಮನೆಯ ವಿರಸವನ್ನು ಹೀಗೆ ಹಾಡು ಕಟ್ಟಿ ಮಾರಬಹುದೇ ಎಂಬ ಸಂದೇಹವು ನಮಗೂ ಮೊದಲು ಬಂದಿತ್ತು. ಆದರೆ ಆ ಹಾಡುಗಳಲ್ಲಿ ಯಾರು ಯಾರಿಗೆ ಏನು ಅಂದರೆಂಬ ರಟ್ಟು ಇಲ್ಲ. ಜಗಳದ ಕಾರಣವನ್ನು ಬಿಟ್ಟು ರಾಜಿಯ ಕಷ್ಟವನ್ನು ಮಾತ್ರ ಹೇಳಿದ್ದಾರೆ. ಅಷ್ಟು ಮರ್ಯಾದೆಯನ್ನು ಇಟ್ಟುಕೊಂಡವರು ಹಾಡಲು ಬಾಧಕವಿಲ್ಲವೆಂದು ಈಗ ನಮ್ಮ ಅಭಿಪ್ರಾಯ.

ಆಮೇಲಿನ ಏರ್ಪಾಡುಗಳಲ್ಲಿ ಈ ಘಟನೆಯ ಗುರುತು ಎದ್ದು ಕಾಣುತ್ತದೆ. ಪಟ್ಟಣದಿಂದ ಸುಮಾರು ಒಂದು ತಾಸಿನ ಪ್ರಯಾಣದ ಹಳ್ಳಿಗಾಡಿನಲ್ಲಿ ಹಳೆಯದೊಂದು ಹೊಲಮನೆಯನ್ನು ಕೊಂಡು ಅಲ್ಲಿ ನೆಲಸಿದರು. ಆ ಮನೆಯು 1861ರಲ್ಲಿ ಮೊದಲಾದ ಅಮೆರಿಕದ ಅಂತರ್ಯುದ್ಧಕ್ಕಿಂತಲೂ ಹಿಂದಿನದು. 2007ರಿಂದ ಸ್ವಂತದ್ದೇ ಆದ ‘ಗ್ರೇಟ್ ಸ್ಪೆಕಲ್ಡ್ ಡಾಗ್’ ಎಂಬ ಹೆಸರಿನಲ್ಲಿ ಮುದ್ರಿಕೆಗಳನ್ನು ತಾವೇ ಪ್ರಕಟಿಸತೊಡಗಿದರು. 2011ರ ‘ದ ಲಾಂಗ್ ಸರೆಂಡರ್’ ಎಂಬುದಕ್ಕೆ ಬೇಕಾದ ಹಣವನ್ನು ಕೇಳುವ ಜನರೇ ಮುಂಚಿತವಾಗಿ ಕಳುಹಿಸಿದರು; ಒಂದು ಕಾಲಕ್ಕೆ ಕಂಪನಿಯು ಕೊಡುತ್ತಿದ್ದ ಮುಂಗಡವನ್ನು ಈಗ ಮನೆಮನೆಯಿಂದ ಕೂಡಿಸಿದಂತಾಯಿತು. ಹೊಲದ ಒಡೆತನವು ಉತ್ತವರಿಗೆ ಬಂದಿತು. ದೊಡ್ಡ ಐಶ್ವರ್ಯವೇನೂ ಬಂದಂತೆ ಕಾಣುವುದಿಲ್ಲ. ಆದರೆ ಯಾವಾಗ ಹೊರಡಬೇಕು, ಯಾವಾಗ ನಿಲ್ಲಬೇಕು ಎಂಬುದನ್ನು ಕೇಳಬೇಕಾದವರು ಅಡಿಗೆಮನೆಯ ಮೇಜಿನ ಆಚೆಗೆ ಕುಳಿತಿದ್ದಾರೆ, ಅಷ್ಟೆ. 2019ರಲ್ಲಿ ತಂಡಕ್ಕೆ ಮೂವತ್ತು ವರ್ಷ ತುಂಬಿದಾಗ ‘ಲವ್ ಅಂಡ್ ರೆವೆಲೇಷನ್’ ಎಂಬ ಮುದ್ರಿಕೆಯೂ ಇದೇ ರೀತಿಯಲ್ಲಿ ಬಂದಿತು.

ಆ ಹೊಲಕ್ಕೆ ಒಮ್ಮೆ ಡೆಟ್ವೈಲರ್ ಅವರ ತಂದೆಯವರು ಬಂದಿದ್ದರು. ಹಕ್ಕಿಗಳೆಂದರೆ ಪ್ರೀತಿಯುಳ್ಳ ಹಿರಿಯರು. ಸುತ್ತ ನೋಡಿ, ಹೊಲದ ಅಂಚುಗಳನ್ನು ಕಡಿದು ಚೊಕ್ಕಟಮಾಡಬೇಡಿರಿ, ಅಲ್ಲಿ ಪೊದೆಯೂ ಕಳೆಯೂ ಹೇಗೆ ಬೆಳೆಯುವುದೋ ಹಾಗೆಯೇ ಬಿಡಿರಿ, ಹಾಡುವ ಹಕ್ಕಿಗಳಿಗೆ ಗೂಡು ಕಟ್ಟಲು ಮರೆಯಿರಲಿ ಎಂಬುದಾಗಿ ಮಗನಿಗೂ ಸೊಸೆಗೂ ಬುದ್ಧಿ ಹೇಳಿದರು. ಅವರು ಹಾಗೆಯೇ ಬಿಟ್ಟರು. 2013ರಲ್ಲಿ ಬಂದ ಎರಡು ತಟ್ಟೆಗಳ ಮುದ್ರಿಕೆಯ ಹಾಡುಗಳು ಆ ಅಂಚಿನ ಪೊದೆಗಳಿಂದಲೇ ಹುಟ್ಟಿದವುಗಳೆನ್ನಬಹುದು. ಮುಂದೆ ಅಲ್ಲಿದ್ದ ಹಳೆಯ ಮರದ ಕೊಟ್ಟಿಗೆಯೊಂದನ್ನು ರಿಪೇರಿಮಾಡಿಸಿ ಕಚೇರಿ ನಡೆಸಲು ಅನುಕೂಲಪಡಿಸಿದರು. 2016ರಿಂದ ಆ ಹೊಲದಲ್ಲಿ ಸಂಗೀತದ ಉತ್ಸವವೊಂದು ಮೊದಲಾಯಿತು. ಗಾಡಿಗೆ ವಾದ್ಯ ಹೇರಿ ಜನರನ್ನು ಹುಡುಕಿಕೊಂಡು ಹೋಗುತ್ತಿದ್ದವರ ಹೊಲಕ್ಕೆ ದೂರದೂರದ ಊರುಗಳಿಂದ ಜನರು ಬಂದು, ಹುಲ್ಲಿನ ಮೇಲೆ ಕುರ್ಚಿ ಹಾಕಿಕೊಂಡು ಕುಳಿತರು.